ಸ್ಲ್ಯಾಷರ್ ಕೊಳ್ಳುವಾಗ ಅಡಿ ಲೆಕ್ಕವೊಂದೇ ಸಾಲದು

ಸಂಪಾದಕರಿಗೆ,

ಮಳೆ ನಿಂತು ತೋಟದಲ್ಲಿ ಕಳೆ ಸೊಂಟದೆತ್ತರ ಬೆಳೆಯುವ ಹೊತ್ತಿಗೆ ಟ್ರ್ಯಾಕ್ಟರ್ ಉಪಕರಣದ ಅಂಗಡಿಗಳಲ್ಲಿ ಕಳೆ ಸವರುವ ಸ್ಲ್ಯಾಷರ್, ಕಸ ಪುಡಿ ಮಾಡುವ ಮಲ್ಚರ್ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಮಾತುಕತೆ ಸಾಮಾನ್ಯವಾಗಿ ಎರಡೇ ಪ್ರಶ್ನೆಯಲ್ಲಿ ಮುಗಿಯುತ್ತದೆ: ಎಷ್ಟು ಅಡಿ, ಸಬ್ಸಿಡಿ ಎಷ್ಟು? ಏನನ್ನು ಕತ್ತರಿಸಬೇಕು, ಟ್ರ್ಯಾಕ್ಟರ್‌ನ ಪಿಟಿಒದಲ್ಲಿ (ಉಪಕರಣವನ್ನು ಓಡಿಸುವ, ಹಿಂಬದಿಯ ತಿರುಗುವ ತುದಿಯಲ್ಲಿ) ಎಷ್ಟು ಎಚ್‌ಪಿ ಸಿಗುತ್ತದೆ ಎಂದು ಕೇಳುವವರು ಕಡಿಮೆ, ಕೇಳದಿದ್ದರೂ ಹೇಳುವ ಮಾರಾಟಗಾರರು ಇನ್ನೂ ಕಡಿಮೆ.

ಅಡಿಕೆ, ತೆಂಗು, ಮಾವಿನ ತೋಟದಲ್ಲಿ ನಿಂತ ಹುಲ್ಲು, ಕಾಂಗ್ರೆಸ್ ಗಿಡ, ಎಳೆಯ ಪೊದೆ ಸವರಲು ಸ್ಲ್ಯಾಷರ್ ಸಾಕು. ಅದರ ಬ್ಲೇಡುಗಳು ನೆಲಕ್ಕೆ ಸಮಾನಾಂತರವಾಗಿ ತಿರುಗುತ್ತವೆ, ಮಣ್ಣು ಮುಟ್ಟುವುದಿಲ್ಲ. ಇದೇ ಕೆಲಸಕ್ಕೆ ಮಣ್ಣು ಅಗೆದು ಪುಡಿ ಮಾಡುವ ರೋಟಾವೇಟರ್ ಹೊಡೆದರೆ ಮೇಲ್ಮಣ್ಣಿನಲ್ಲಿ ಹರಡಿರುವ ಅಡಿಕೆ, ತೆಂಗಿನ ಬೇರು ನಾಲ್ಕಾರು ಇಂಚು ಆಳದವರೆಗೆ ಕತ್ತರಿಸಿಹೋಗುತ್ತದೆ. ಮನೆಯಲ್ಲಿ ಹೇಗೂ ರೋಟಾವೇಟರ್ ಇದೆಯಲ್ಲ ಎಂದು ವರ್ಷಕ್ಕೆ ಎರಡು ಸಲ ತೋಟಕ್ಕೆ ಇಳಿಸುವವರು ಇದನ್ನು ಗಮನಿಸಬೇಕು.

ಕಬ್ಬಿನ ರವದಿಯ (ಕಟಾವಿನ ನಂತರ ಉಳಿಯುವ ಒಣಗರಿಯ) ಲೆಕ್ಕ ಬೇರೆ. ನೆಲಕ್ಕೆ ಒರಗಿದ ಒಣ ರವದಿಯನ್ನು ಸ್ಲ್ಯಾಷರ್ ಅರ್ಧ ಕತ್ತರಿಸಿ, ಅರ್ಧ ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೆ ಅಡ್ಡ ಶಾಫ್ಟಿನಲ್ಲಿ ವೈ ಆಕಾರದ ಬ್ಲೇಡ್ ಅಥವಾ ಸುತ್ತಿಗೆ ನೇತಾಡುವ ಮಲ್ಚರ್ ಬೇಕು. ಅದರ ಶಾಫ್ಟ್ ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗಿ ಕಸವನ್ನು ಮೇಲಕ್ಕೆಳೆದುಕೊಂಡು ಚೂರು ಮಾಡಿ ಹರಡುತ್ತದೆ. ಹತ್ತಿ ಕಡ್ಡಿ, ಮೆಕ್ಕೆಜೋಳದ ದಂಟನ್ನು ನುಣ್ಣಗೆ ಪುಡಿ ಮಾಡಿ ಮಣ್ಣಿಗೆ ಸೇರಿಸುವವರಿಗೂ ಇದೇ ಸರಿ. ಗುಲಾಬಿ ಕಾಯಿಕೊರಕ ಕಾಡಿದ ಹೊಲದಲ್ಲಿ ಕಡ್ಡಿಯ ಜೊತೆ ಅದಕ್ಕಂಟಿದ ಕಾಯಿಯೂ ಪುಡಿಯಾಗಬೇಕು. ಸ್ಲ್ಯಾಷರ್ ಬರೀ ತುಂಡು ಮಾಡಿ ಬಿಟ್ಟುಬಿಡುತ್ತದೆ.

ಇನ್ನು ಶಕ್ತಿಯ ಮಾತು. ಬಾನೆಟ್ ಮೇಲೆ ಬರೆದಿರುವುದು ಎಂಜಿನ್ ಎಚ್‌ಪಿ. ಪಿಟಿಒಗೆ ತಲುಪುವುದು ಅದರ ಸುಮಾರು ಶೇ 85. ಅಂದರೆ 45 ಎಚ್‌ಪಿ ಟ್ರ್ಯಾಕ್ಟರಿನಲ್ಲಿ ಸಿಗುವುದು 38ರ ಆಸುಪಾಸು. ಎಳೆ ಹುಲ್ಲಿಗೆ ಸ್ಲ್ಯಾಷರಿನ ಪ್ರತಿ ಅಡಿ ಅಗಲಕ್ಕೆ 5 ಪಿಟಿಒ ಎಚ್‌ಪಿ ಸಾಕು. ದಟ್ಟ ಕಳೆ, ಪೊದೆಗೆ 7 ಬೇಕು. ಮಲ್ಚರಿಗೆ 8ರಿಂದ 10. ಆ ಟ್ರ್ಯಾಕ್ಟರಿಗೆ 5 ಅಡಿ ಸ್ಲ್ಯಾಷರ್ ಆರಾಮ, 6 ಅಡಿಯದು ಹುಲ್ಲಿಗೆ ಮಾತ್ರ, ಮಲ್ಚರ್ ಆದರೆ 4 ಅಡಿ ದಾಟಿದರೆ ಕಷ್ಟ. ಹಾಗೆಂದು ತೀರಾ ಕಿರಿದಾದದ್ದೂ ಬೇಡ. ಹಿಂದಿನ ಎರಡು ಟೈರುಗಳ ಹೊರ ಅಂಚಿನಷ್ಟಾದರೂ ಅಗಲ ಇರದಿದ್ದರೆ ಟೈರು ಮಲಗಿಸಿದ ಹುಲ್ಲು ಹಾಗೇ ಉಳಿಯುತ್ತದೆ. ಅಗಲ ಅಳೆಯುವಾಗ ಫ್ರೇಮ್ ಅಳೆಯಬೇಡಿ, ಬ್ಲೇಡ್ ತುದಿಯಿಂದ ತುದಿಗೆ ಅಳೆಯಿರಿ. 9 ಅಡಿ ಅಂತರದ ಅಡಿಕೆ ತೋಟಕ್ಕೆ ಮಿನಿ ಟ್ರ್ಯಾಕ್ಟರ್ ಮತ್ತು 4 ಅಡಿಯ ಸ್ಲ್ಯಾಷರ್ ಹೊಂದುತ್ತದೆ, ಬಸಿಗಾಲುವೆ ದಾಟಿಸಲೂ ಸಲೀಸು. ಕೊಂಬೆ ಬಾಗಿದ ಮಾವಿನ ತೋಟದವರು ಪಕ್ಕಕ್ಕೆ ಸರಿಯುವ ಆಫ್‌ಸೆಟ್ ಮಾದರಿ ಕೇಳಿ.

ಒಂದೇ ಅಳತೆಯ ಎರಡು ಯಂತ್ರಗಳ ನಡುವೆ ಆರಿಸುವಾಗ ತೂಕ ಕೇಳಿ. ಬೆಲೆ ಇಳಿಸಲು ತಗಡು ತೆಳುವಾಗಿಸಿದ್ದು ಬಣ್ಣದ ಕೆಳಗೆ ಕಾಣುವುದಿಲ್ಲ, ತೂಕದಲ್ಲಿ ಕಾಣುತ್ತದೆ. ಆಮೇಲೆ ಬಗ್ಗಿ ಅಡಿಭಾಗ ನೋಡಿ. ಬ್ಲೇಡುಗಳು ಬೋಲ್ಟಿನ ಸುತ್ತ ಸಡಿಲವಾಗಿ ತಿರುಗಬೇಕು, ಆಗಲೇ ಬೊಡ್ಡೆಗೆ ಬಡಿದಾಗ ಹಿಂದಕ್ಕೆ ಮಡಚುತ್ತವೆ. ಬ್ಲೇಡುಗಳ ನಡುವೆ ತಟ್ಟೆಯಂಥ ದುಂಡು ತಗಡಿದ್ದರೆ ಬೊಡ್ಡೆ ಗೇರ್ ಬಾಕ್ಸಿನ ಶಾಫ್ಟಿಗೆ ತಾಗದೆ ಜಾರಿಹೋಗುತ್ತದೆ. ಬೇಲಿ ತಂತಿ, ತೋಟದಲ್ಲಿ ಬಿಟ್ಟ 16 ಎಂಎಂ ಡ್ರಿಪ್ ಪೈಪ್, ಬಳ್ಳಿ ಇವು ಸುತ್ತಿಕೊಳ್ಳುವುದೂ ಆ ಶಾಫ್ಟಿಗೇ. ಕೆಳಗಿನ ಆಯಿಲ್ ಸೀಲ್ ಹರಿದು, 90 ನಂಬರಿನ ಗೇರ್ ಆಯಿಲ್ ತಿಳಿಯದಂತೆ ಸೋರಿ, ಬೇರಿಂಗ್ ಹೋಗುವುದು ಅಲ್ಲಿಂದ. ದಿನದ ಕೆಲಸ ಮುಗಿದ ಮೇಲೆ ಎಂಜಿನ್ ಆರಿಸಿ, ಎತ್ತಿದ ಯಂತ್ರದ ಕೆಳಗೆ ಗಟ್ಟಿ ಆಸರೆ ಕೊಟ್ಟು ಸುತ್ತಿಕೊಂಡಿದ್ದನ್ನು ಬಿಡಿಸಿದರೆ ಹತ್ತು ನಿಮಿಷದ ಕೆಲಸ.

ಹೆಚ್ಚು ಹಾಳಾಗುವುದು ಪಿಟಿಒ ಶಾಫ್ಟ್, ಅಂದರೆ ಪಿಟಿಒವನ್ನು ಯಂತ್ರಕ್ಕೆ ಜೋಡಿಸುವ, ಒಂದರೊಳಗೊಂದು ಸರಿಯುವ ಎರಡು ಪೈಪುಗಳ ಶಾಫ್ಟ್. ಬೇರೆ ಟ್ರ್ಯಾಕ್ಟರಿನ ಅಳತೆಯ ಶಾಫ್ಟನ್ನು ಹಾಗೇ ಜೋಡಿಸಿ ಕಳುಹಿಸುತ್ತಾರೆ. ಉದ್ದವಿದ್ದರೆ ಯಂತ್ರ ಎತ್ತುವಾಗ ಒಳಪೈಪು ತಳಕ್ಕೆ ಒತ್ತಿ ಪಿಟಿಒ ಬೇರಿಂಗನ್ನೇ ಒಡೆಯುತ್ತದೆ. ಗಿಡ್ಡವಿದ್ದರೆ ತಗ್ಗಿನಲ್ಲಿ ಕಳಚಿಕೊಳ್ಳುತ್ತದೆ. ಎರಡು ಪೈಪುಗಳು ಕನಿಷ್ಠ ಮೂರನೇ ಒಂದು ಭಾಗ ಒಂದರೊಳಗೊಂದು ಇರಬೇಕು, ಪೂರ್ತಿ ಒಳಸೇರಿದಾಗಲೂ ಒಂದು ಇಂಚು ಬಿಡುವಿರಬೇಕು. ಕತ್ತರಿಸಬೇಕಾದರೆ ಒಳ, ಹೊರ ಪೈಪುಗಳನ್ನೂ ಪ್ಲಾಸ್ಟಿಕ್ ಕವಚವನ್ನೂ ಒಂದೇ ಅಳತೆಗೆ ಕತ್ತರಿಸಿ.

ಆ ಶಾಫ್ಟಿನ ಶಿಯರ್ ಬೋಲ್ಟ್ ಮುರಿದರೆ ಬಯ್ಯಬೇಡಿ, ಹೊರೆ ಮೀರಿದಾಗ ಗೇರ್ ಉಳಿಸಲು ಮುರಿಯಲೆಂದೇ ಹಾಕಿರುವುದು. ಪದೇ ಪದೇ ಮುರಿಯುತ್ತದೆಂದು ಇನ್ನೂ ಗಟ್ಟಿ ಬೋಲ್ಟ್ ಹಾಕಿದ ದಿನ ಗೇರಿನ ಹಲ್ಲು ಮುರಿಯುತ್ತದೆ. ಬೋಲ್ಟಿನ ಬದಲು, ಹೊರೆ ಮೀರಿದಾಗ ಪ್ಲೇಟುಗಳು ಜಾರುವ ಸ್ಲಿಪ್ ಕ್ಲಚ್ ಇರುವ ಮಾದರಿ ಕೊಂಚ ದುಬಾರಿ, ಕಲ್ಲು ನೆಲದವರಿಗೆ ಯೋಗ್ಯ. ಆದರೆ ಮಳೆಗಾಲ ಪೂರ್ತಿ ನಿಲ್ಲಿಸಿಟ್ಟರೆ ಅದರ ಪ್ಲೇಟುಗಳು ತುಕ್ಕಿಗೆ ಅಂಟಿಕೊಂಡು ಜಾರುವುದನ್ನೇ ಮರೆಯುತ್ತವೆ. ಹಂಗಾಮಿನ ಮೊದಲಿಗೆ ಪ್ಲೇಟುಗಳ ಮೇಲೆ ಉದ್ದಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಸ್ಪ್ರಿಂಗಿನ ನಟ್ಟುಗಳನ್ನು ಸಡಿಲಿಸಿ, ಎರಡು ಮೂರು ಸೆಕೆಂಡು ಪಿಟಿಒ ಹಾಕಿ ತೆಗೆಯಿರಿ. ಗೆರೆ ಮುರಿದಿದ್ದರೆ ಪ್ಲೇಟು ಬಿಟ್ಟಿದೆ ಎಂದರ್ಥ. ಬಳಿಕ ಪುಸ್ತಕದಲ್ಲಿ ಹೇಳಿದ ಅಳತೆಗೆ ಸ್ಪ್ರಿಂಗ್ ಬಿಗಿಮಾಡಿ.

ಗಾಲಿಗೂ ಪಿಟಿಒಗೂ ಒಂದೇ ಕ್ಲಚ್ ಇರುವ ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನವರಿಗೆ ಒಂದು ಎಚ್ಚರಿಕೆ. ಕ್ಲಚ್ ತುಳಿದರೂ ತಿರುಗುತ್ತಿರುವ ಬ್ಲೇಡುಗಳ ಭಾರವು ಪಿಟಿಒ ಮೂಲಕ ಗಾಲಿಗಳನ್ನು ತಳ್ಳುತ್ತಲೇ ಇರುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಬದುವಿನ ಅಂಚಿನಲ್ಲಿ, ಬಾವಿಯ ಪಕ್ಕದಲ್ಲಿ ಇದು ಜೀವಕ್ಕೇ ಬರುತ್ತದೆ. ಪಿಟಿಒ ತುದಿಗೆ ಓವರ್‌ರನ್ನಿಂಗ್ ಕ್ಲಚ್ ಹಾಕಿಸಿದರೆ ಬ್ಲೇಡು ತನ್ನ ಪಾಡಿಗೆ ತಿರುಗುತ್ತದೆ, ಟ್ರ್ಯಾಕ್ಟರ್ ನಿಲ್ಲುತ್ತದೆ. ಅದರ ಉದ್ದ ಸೇರುವುದರಿಂದ ಶಾಫ್ಟಿನ ಅಳತೆ ಮತ್ತೊಮ್ಮೆ ನೋಡಿಕೊಳ್ಳಬೇಕು.

ನಿಮಿಷಕ್ಕೆ 540 ಸುತ್ತು ತಿರುಗುವ ಪಿಟಿಒಗೆಂದು ಮಾಡಿದ 5 ಅಡಿ ಸ್ಲ್ಯಾಷರಿನಲ್ಲಿ ಗೇರ್ ಬಾಕ್ಸ್ ಅದನ್ನು 800ರ ಹತ್ತಿರಕ್ಕೆ ಏರಿಸಿದರೆ ಬ್ಲೇಡಿನ ತುದಿ ಗಂಟೆಗೆ 220 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ತಿರುಗುತ್ತದೆ. ಡೀಸೆಲ್ ಉಳಿಸಲೆಂದು ಎಂಜಿನ್ ಸುತ್ತು ಇಳಿಸಿದರೆ ಹುಲ್ಲು ಕತ್ತರಿಸುವ ಬದಲು ಸಿಗಿಯುತ್ತದೆ. ಹಲವು ಟ್ರ್ಯಾಕ್ಟರುಗಳಲ್ಲಿ 750 ಅಥವಾ 1000 ಸುತ್ತಿನ ಸ್ಥಾನವೂ ಇರುತ್ತದೆ. 540ರ ಯಂತ್ರವನ್ನು ಅದಕ್ಕೆ ಹಾಕುವುದು ಸಾವಿಗೆ ಆಹ್ವಾನ. ಅಂಥ ವೇಗದಲ್ಲಿ ಸಿಡಿದ ಕಲ್ಲಿಗೆ ನೂರು ಮೀಟರ್ ದೂರವಲ್ಲ. ಮುಂದೆ, ಹಿಂದೆ ನೇತಾಡುವ ಸರಪಳಿ ಪರದೆ ಇಲ್ಲದ ಸ್ಲ್ಯಾಷರ್ ಮನೆಗೆ ತರಬೇಡಿ, ಇರುವುದನ್ನು ಅಡ್ಡಿಯೆಂದು ಬಿಚ್ಚಲೂ ಬೇಡಿ.

ಬ್ಲೇಡನ್ನು ಕುಡುಗೋಲಿನಂತೆ ಹರಿತ ಮಾಡುವ ಅಗತ್ಯವಿಲ್ಲ. ಒಂದೂವರೆ ಮಿಲಿಮೀಟರ್ ದಪ್ಪದ ಅಂಚು ಉಳಿದರೆ ಬಾಳಿಕೆ ಬರುತ್ತದೆ. ಬದಲಿಸುವಾಗ ಜೋಡಿಯಾಗಿ, ತೂಗಿ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಬರುವ ನಡುಕ ಬೇರಿಂಗನ್ನು ತಿನ್ನುತ್ತದೆ. ಸ್ಲ್ಯಾಷರಿನ ಮುಂಭಾಗ ಹಿಂಭಾಗಕ್ಕಿಂತ ಅರ್ಧದಿಂದ ಒಂದು ಇಂಚು ತಗ್ಗಿರುವಂತೆ ಟಾಪ್ ಲಿಂಕ್ (ಟ್ರ್ಯಾಕ್ಟರಿಗೆ ಜೋಡಿಸುವ ಮೇಲಿನ ಕೊಂಡಿ) ಹೊಂದಿಸಿ.

ಕೃಷಿ ಇಲಾಖೆಗೆ ಒಂದು ಮನವಿ. ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನ ಕೊಡುವಾಗ ರೈತ ಸಂಪರ್ಕ ಕೇಂದ್ರದಲ್ಲಿ ತೂಗುಹಾಕುವ ಪಟ್ಟಿಯಲ್ಲಿ ಕಂಪನಿ, ದರದ ಜೊತೆಗೆ ಪ್ರತಿ ಯಂತ್ರಕ್ಕೆ ಬೇಕಾದ ಪಿಟಿಒ ಎಚ್‌ಪಿ, ಕತ್ತರಿಸುವ ಅಗಲ, ತೂಕ ಇರಲಿ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯಂಥವು ಕೊಡುವ ಪರೀಕ್ಷಾ ವರದಿಯ ಮುಖ್ಯ ಅಂಕಿಗಳನ್ನು ಕನ್ನಡದಲ್ಲಿ ಪಕ್ಕದಲ್ಲೇ ಅಂಟಿಸಲಿ. ಸರಪಳಿ ಪರದೆ, ಶಾಫ್ಟ್ ಕವಚ ಇಲ್ಲದ ಯಂತ್ರಕ್ಕೆ ಸಹಾಯಧನ ಬಿಡುಗಡೆಯಾಗದಿರಲಿ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಂದೊಂದು ಸ್ಲ್ಯಾಷರ್, ಮಲ್ಚರ್ ಇಟ್ಟರೆ, ಕೊಳ್ಳುವ ಮುನ್ನ ಒಂದು ಎಕರೆ ಓಡಿಸಿ ನೋಡಲು ರೈತರಿಗೆ ಅವಕಾಶವಾಗುತ್ತದೆ.

– ಕೃಷಿ ಯಂತ್ರ ದುರಸ್ತಿಗಾರರು, ತುಮಕೂರು ಜಿಲ್ಲೆ