ಕ್ರಾಪ್ಸ್ ಟೇಬಲ್ ಗ್ಯಾರಂಟಿ ಅಂತ ದುಡ್ಡು ತಗೊಂಡ ಟ್ರಾವೆಲ್ಸ್ ಆಫೀಸಿಗೆ ನಮ್ಮ ದೂರು

ಮಾಲೀಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಕಲಬುರಗಿ ಆಫೀಸಿನಿಂದ ಗೋವಾ ಕ್ಯಾಸಿನೋ ಪ್ಯಾಕೇಜ್ ತಗೊಂಡು ಹೋದ ಆರು ಜನ ಗೆಳೆಯರಲ್ಲಿ ನಾನೊಬ್ಬ. ಬಂದ ಮೇಲೆ ಫೋನ್ ಮಾಡಿದೆ, ಎರಡು ಸಲ ಆಫೀಸಿಗೂ ಬಂದೆ. ಒಮ್ಮೆ ಸರ್ ಊಟಕ್ಕೆ ಹೋಗಿದ್ದಾರೆ ಅಂದರು, ಇನ್ನೊಮ್ಮೆ ಸರ್ ಹೈದರಾಬಾದಿನಲ್ಲಿದ್ದಾರೆ ಅಂದರು. ಬಾಯಿಮಾತಿನಲ್ಲಿ ಇದು ಮುಗಿಯುವುದಿಲ್ಲ ಅನ್ನಿಸಿತು, ಅದಕ್ಕೆ ಎಲ್ಲವನ್ನೂ ಬರೆದೇ ಕೊಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ. ದಯವಿಟ್ಟು ಪೂರ್ತಿ ಓದಿ.

ಮೊದಲಿಗೆ ಒಂದು ಮಾತು. ಕ್ಯಾಸಿನೋದಲ್ಲಿ ಸೋತ ದುಡ್ಡಿನ ಬಗ್ಗೆ ಈ ದೂರು ಅಲ್ಲ. ತಲಾ ಹತ್ತು ಸಾವಿರಕ್ಕಿಂತ ಜಾಸ್ತಿ ಮುಟ್ಟಬಾರದು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿದ್ದೆವು, ಹಾಗೇ ನಡೆದುಕೊಂಡೆವು. ರೂಲೆಟ್‌ನಲ್ಲಿ ಒಬ್ಬ ನಾಲ್ಕು ಸಾವಿರ ಸೋತ. ಅದು ಅವನ ದುಡ್ಡು, ಅವನ ಆಟ. ನಾವು ಕೇಳುತ್ತಿರುವುದು ನೀವು ಕೊಡುತ್ತೇನೆ ಅಂತ ಹೇಳಿ ಕೊಡದೇ ಇದ್ದದ್ದರ ದುಡ್ಡು.

ನಿಮ್ಮ ಕೌಂಟರಿನಲ್ಲಿ ಕೂತ ಹುಡುಗನಿಗೆ ನಾವು ಮೊದಲ ದಿನವೇ ಬಿಡಿಸಿ ಹೇಳಿದ್ದೆವು. ನಮಗೆ ಬೀಚ್ ಬೇಡ, ಕ್ರೂಸ್ ಬೇಡ, ರೂಮು ಹೇಗಿದ್ದರೂ ನಡೆಯುತ್ತದೆ. ಎರಡು ದಾಳ ಎಸೆದು ಆಡುವ ಕ್ರಾಪ್ಸ್ ಆಟದ ಟೇಬಲ್ ಇದ್ದರೆ ಮಾತ್ರ ಹೋಗುತ್ತೇವೆ, ಇಲ್ಲದಿದ್ದರೆ ಈಗಲೇ ಹೇಳಿ, ಹೋಗುವುದೇ ಇಲ್ಲ ಅಂದೆವು. ಅವನು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಅಣ್ಣಾ, ಟೆನ್ಶನ್ ತಗೋಬ್ಯಾಡ್ರಿ, ಕ್ರಾಪ್ಸ್ ಟೇಬಲ್ ಅದ. ನಿಮ್ಮ ಆರ್ ಮಂದಿಗೇ ಎರಡ್ ತಾಸ್ ಬುಕ್ ಮಾಡಿಸ್ತೀವಿ, ಅದಕ್ಕ ಒಬ್ಬೊಬ್ಬರಿಗೆ ಎರಡೂವರಿ ಸಾವಿರ ಜಾಸ್ತಿ ಆಗ್ತದ." ಪ್ಯಾಕೇಜಿಗೆ ತಲಾ 14,500, ಟೇಬಲ್ ಬುಕಿಂಗಿಗೆ ತಲಾ 2,500. ಆರು ಜನಕ್ಕೆ ಒಟ್ಟು 1,02,000 ರೂಪಾಯಿ ಕಟ್ಟಿದೆವು. ರಸೀದಿಯಲ್ಲಿ ಟೇಬಲ್ ದುಡ್ಡು ಬೇರೆ ಸಾಲಿನಲ್ಲೇ ಇದೆ. ಹೊರಡುವ ಎರಡು ದಿನ ಮೊದಲು ನಿಮ್ಮ ನಂಬರಿನಿಂದ ವಾಟ್ಸಾಪ್ ಕೂಡ ಬಂತು: ಕ್ರಾಪ್ಸ್ ಟೇಬಲ್, ಶನಿವಾರ ರಾತ್ರಿ 9ರಿಂದ 11, ಆರು ಜನ, ಕನ್ಫರ್ಮ್.

ಈ ಆಟಕ್ಕೆ ನಾವು ಯಾಕೆ ಅಷ್ಟು ಹಟ ಹಿಡಿದೆವು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನಾವು ಆರೂ ಜನ ಒಂದೇ ಕಾಲೇಜಿನವರು. ಒಬ್ಬ ಸೇಡಂನ ಸಿಮೆಂಟ್ ಫ್ಯಾಕ್ಟರಿಯಲ್ಲಿದ್ದಾನೆ, ಒಬ್ಬನದು ತೊಗರಿ ವ್ಯಾಪಾರ, ಒಬ್ಬ ಆಳಂದದಲ್ಲಿ ಮೇಷ್ಟ್ರು, ಇಬ್ಬರು ಇಲ್ಲೇ ಬ್ಯಾಂಕಿನಲ್ಲಿ. ನಾನು ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದೇನೆ. ಬ್ಯಾಂಕಿನ ಇಬ್ಬರಲ್ಲಿ ಒಬ್ಬನಿಗೆ ದುಬೈನಲ್ಲಿ ಕೆಲಸ ಸಿಕ್ಕಿದೆ, ಈ ತಿಂಗಳ ಕೊನೆಗೆ ಹೋಗುತ್ತಾನೆ. ಹೋಗುವ ಮೊದಲು ಎಲ್ಲರೂ ಒಟ್ಟಿಗೆ ಎಲ್ಲಾದರೂ ಹೋಗಿ ಬರೋಣ ಅಂತ ಎಂಟು ತಿಂಗಳಿಂದ ಚೀಟಿ ಹಾಕಿದಂಗೆ ತಿಂಗಳಿಗೆ ಇಷ್ಟು ಅಂತ ತೆಗೆದಿಟ್ಟ ದುಡ್ಡು ಇದು.

ಕ್ಯಾಸಿನೋದಲ್ಲಿ ಬೇರೆ ಆಟಗಳಲ್ಲಿ ಒಬ್ಬೊಬ್ಬನೂ ತನ್ನ ಪಾಡಿಗೆ ತಾನು ಆಡುತ್ತಾನೆ. ಕ್ರಾಪ್ಸ್ ಹಂಗಲ್ಲ. ಅದರಲ್ಲಿ ಒಬ್ಬ ದಾಳ ಎಸೆಯುತ್ತಾನೆ, ಟೇಬಲ್ ಸುತ್ತ ನಿಂತವರೆಲ್ಲ ಅವನ ಎಸೆತದ ಮೇಲೆ ದುಡ್ಡು ಹಚ್ಚುತ್ತಾರೆ. ಮೊದಲ ಎಸೆತಕ್ಕೆ 7 ಅಥವಾ 11 ಬಿದ್ದರೆ ಪಾಸ್ ಲೈನ್ ಮೇಲೆ, ಅಂದರೆ ಎಸೆಯುವವನು ಗೆಲ್ಲುತ್ತಾನೆ ಅಂತ ಹಚ್ಚಿದವರೆಲ್ಲ ಗೆದ್ದರು. 2, 3, 12 ಬಿದ್ದರೆ ಅವರೆಲ್ಲರೂ ಸೋತರು. ಉಳಿದ 4, 5, 6, 8, 9, 10ರಲ್ಲಿ ಯಾವುದು ಬಿತ್ತೋ ಅದೇ ಪಾಯಿಂಟ್. ಆಮೇಲೆ 7 ಬರುವುದಕ್ಕಿಂತ ಮೊದಲು ಅದೇ ಪಾಯಿಂಟ್ ಮತ್ತೆ ಬೀಳಬೇಕು. 7 ಮೊದಲು ಬಿದ್ದರೆ ಅವರೆಲ್ಲರ ದುಡ್ಡೂ ಹೋಗುತ್ತದೆ, ದಾಳ ಪಕ್ಕದವನ ಕೈಗೆ ಹೋಗುತ್ತದೆ. ಅಂದರೆ ಆರೂ ಜನ ಒಂದೇ ಕಡೆ ನಿಂತು, ಗೆದ್ದರೆ ಒಟ್ಟಿಗೆ, ಸೋತರೆ ಒಟ್ಟಿಗೆ. ಚಿಕ್ಕವರಿದ್ದಾಗ ಕಟ್ಟೆ ಮೇಲೆ ಚೌಕಾಬಾರ ಆಡುವಾಗ ಜೋಡಿ ಕಟ್ಟಿಕೊಂಡು ಒಬ್ಬ ಕವಡೆ ಎಸೆದರೆ ಇನ್ನೊಬ್ಬ ಕೂಗುತ್ತಿದ್ದನಲ್ಲ, ಆ ಖುಷಿ ಇದರಲ್ಲಿದೆ.

ಇದನ್ನ ಕಲಿಯುವುದಕ್ಕೆ ಎರಡು ತಿಂಗಳು ಪ್ರತಿ ಭಾನುವಾರ ನಮ್ಮ ಮನೆಯ ಮಾಳಿಗೆ ಮೇಲೆ ಸೇರಿದ್ದೇವೆ ಸರ್. ಹಳೆಯ ಬೆಡ್‌ಶೀಟ್ ಮೇಲೆ ಮಾರ್ಕರಿನಿಂದ ಪಾಸ್ ಲೈನ್, ಡೋಂಟ್ ಪಾಸ್, ಫೀಲ್ಡ್ ಅಂತ ದುಡ್ಡು ಹಚ್ಚುವ ಜಾಗಗಳನ್ನೆಲ್ಲ ಬರೆದೆವು. ಚಿಪ್ಸ್ ಬದಲು ಹುಣಸೆ ಬೀಜ. ದಾಳ ಆ ತುದಿಯ ಗೋಡೆಗೆ ಬಡಿದು ವಾಪಸ್ ಬರಬೇಕು ಅನ್ನುವ ನಿಯಮ ಇದೆ, ಅದಕ್ಕೆ ಚಪ್ಪಲಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದೆವು. ಎರಡು ದಾಳದಲ್ಲಿ 36 ತರಹ ಬೀಳಬಹುದು, ಅದರಲ್ಲಿ 7 ಆರು ತರಹ, 6 ಮತ್ತು 8 ಐದೈದು ತರಹ, 4 ಮತ್ತು 10 ಮೂರು ಮೂರೇ ತರಹ. ಇದನ್ನ ನಮ್ಮ ಮೇಷ್ಟ್ರು ಗೆಳೆಯ ಬೋರ್ಡ್ ಮೇಲೆ ಬರೆದು ಎಲ್ಲರಿಗೂ ಬಾಯಿಪಾಠ ಮಾಡಿಸಿದ. ಪಾಸ್ ಲೈನಿನಲ್ಲಿ ಕ್ಯಾಸಿನೋದ ಪಾಲು, ಅಂದರೆ ಹಚ್ಚಿದ ದುಡ್ಡಿನಲ್ಲಿ ಸರಾಸರಿ ಅವರಿಗೆ ಉಳಿಯುವುದು, ನೂರಕ್ಕೆ 1.41 ಮಾತ್ರ. ಪಾಯಿಂಟ್ ಬಿದ್ದ ಮೇಲೆ ಮೊದಲ ಪಣದ ಹಿಂದೆ ಇನ್ನೂ ಸ್ವಲ್ಪ ಇಡಬಹುದು, ಅದಕ್ಕೆ ಆಡ್ಸ್ ಅನ್ನುತ್ತಾರೆ, ಆ ದುಡ್ಡಿನಲ್ಲಿ ಕ್ಯಾಸಿನೋಗೆ ಏನೂ ಉಳಿಯುವುದಿಲ್ಲ. 4 ಮತ್ತು 10ಕ್ಕೆ ಒಂದಕ್ಕೆ ಎರಡು, 5 ಮತ್ತು 9ಕ್ಕೆ ಎರಡಕ್ಕೆ ಮೂರು, 6 ಮತ್ತು 8ಕ್ಕೆ ಐದಕ್ಕೆ ಆರು, ಲೆಕ್ಕಕ್ಕೆ ಸರಿಯಾಗಿ ಕೊಡುತ್ತಾರೆ. ಮುಂದಿನ ಎಸೆತಕ್ಕೇ 7 ಬೀಳುತ್ತದೆ ಅಂತ ಹಚ್ಚುವ ಎನಿ ಸೆವೆನ್ ಅನ್ನುವ ಜಾಗದಲ್ಲಿ ಪಾಲು ನೂರಕ್ಕೆ 16ಕ್ಕಿಂತ ಜಾಸ್ತಿ, ಅದರ ಹತ್ತಿರ ಹೋಗಬಾರದು ಅಂತಲೂ ಮಾತಾಡಿಕೊಂಡಿದ್ದೆವು. ಮೊದಲ ದಾಳ ದುಬೈಗೆ ಹೋಗುವವನು ಎಸೆಯಬೇಕು ಅಂತಲೂ ತೀರ್ಮಾನ ಆಗಿತ್ತು.

ಶುಕ್ರವಾರ ಸಂಜೆ ಬಸ್ಸು ಹತ್ತಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ವಿಜಯಪುರ, ಬೆಳಗಾವಿ ದಾಟಿ ಬೆಳಿಗ್ಗೆ ಪಣಜಿ. ಬಸ್ಸು ಚೆನ್ನಾಗಿತ್ತು, ರೂಮೂ ಪರವಾಗಿಲ್ಲ. ಅದರಲ್ಲಿ ನಮ್ಮದೇನೂ ತಕರಾರಿಲ್ಲ.

ತಕರಾರು ಶುರುವಾದದ್ದು ಶನಿವಾರ ಸಂಜೆ ಮಾಂಡೋವಿ ನದಿಯ ಜೆಟ್ಟಿಯಲ್ಲಿ. ನಿಮ್ಮ ಕಡೆಯವರು ಬಂದು ಟ್ಯಾಕ್ಸ್ ಜಾಸ್ತಿ ಆಗಿದೆ, ತಲಾ 1,200 ಕೊಡಿ, ಇಲ್ಲದಿದ್ದರೆ ಕ್ಯಾಸಿನೋ ಹಡಗಿಗೆ ಹೋಗುವ ಬೋಟ್ ಹತ್ತಿಸಲ್ಲ ಅಂದರು. ರಸೀದಿ ಕೇಳಿದರೆ ಕಲಬುರಗಿಯಲ್ಲಿ ಕೊಡುತ್ತಾರೆ ಅಂದರು. ಕ್ಯಾಸಿನೋ ಮೇಲಿನ ಜಿಎಸ್‌ಟಿ 28ರಿಂದ 40ಕ್ಕೆ ಏರಿದ್ದು ಹೌದು. ಆದರೆ ಅದು ಏರಿದ್ದು 2025ರ ಸೆಪ್ಟೆಂಬರ್ 22ಕ್ಕೆ. ನಾವು ದುಡ್ಡು ಕಟ್ಟಿದ್ದು ಅದಾಗಿ ಎಷ್ಟೋ ತಿಂಗಳಾದ ಮೇಲೆ, ಅದೂ ಎಲ್ಲ ತೆರಿಗೆ ಸೇರಿ ಅಂತ ನೀವೇ ಬರೆದುಕೊಟ್ಟ ರೇಟಿಗೆ. ಇದನ್ನೇ ಕೆಲಸ ಮಾಡಿಕೊಂಡವರಿಗೆ ಆ ವಿಷಯ ಮೊದಲೇ ಗೊತ್ತಿರಲಿಲ್ಲವಾ? ಜಗಳ ಬೇಡ ಅಂತ 7,200 ಕೊಟ್ಟು ಬೋಟ್ ಹತ್ತಿದೆವು.

ಒಳಗೆ ಹೋದ ಮೇಲೆ ಒಂಬತ್ತಕ್ಕೆ ಸರಿಯಾಗಿ ಹೋಗಿ ಕ್ರಾಪ್ಸ್ ಟೇಬಲ್ ಎಲ್ಲಿ ಅಂತ ಕೇಳಿದೆವು. ಅಲ್ಲಿಯ ಸಿಬ್ಬಂದಿ ಒಬ್ಬರಿಗೊಬ್ಬರು ಮುಖ ನೋಡಿಕೊಂಡರು. ಇವತ್ತು ಆ ಟೇಬಲ್ ಇಲ್ಲ, ಯಾರ ಹೆಸರಿಗೂ ಬುಕಿಂಗೂ ಇಲ್ಲ, ಟೇಬಲ್ ಬುಕಿಂಗಿಗೆ ಅಂತ ಯಾವ ದುಡ್ಡೂ ನಮಗೆ ಬಂದಿಲ್ಲ ಅಂದರು. ಪಾಪ, ಅವರು ತಾಳ್ಮೆಯಿಂದಲೇ ಕಂಪ್ಯೂಟರಿನಲ್ಲಿ ಎರಡು ಸಲ ಹುಡುಕಿದರು. ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿದರೆ ಅರ್ಧ ತಾಸು ಬಿಟ್ಟು ಬಂದು ನಮ್ಮನ್ನು ಸಿಕ್ ಬೋ ಟೇಬಲ್ ಮುಂದೆ ನಿಲ್ಲಿಸಿದರು. "ಇದೂ ದಾಳದ ಆಟಾನೇ ಅಲ್ವಾ, ಆಡಿ" ಅಂದರು.

ಸರ್, ಇದೇ ಮಾತಿಗೆ ನಮಗೆ ಎಲ್ಲಕ್ಕಿಂತ ಜಾಸ್ತಿ ನೋವಾದದ್ದು. ಸಿಕ್ ಬೋದಲ್ಲಿ ಇರುವುದು ಮೂರು ದಾಳ. ಅಲ್ಲಿ ಅವು ಗಾಜಿನ ಮುಚ್ಚಳದ ಒಳಗೆ ಇದ್ದವು, ಡೀಲರ್ ಬಟನ್ ಒತ್ತಿದರೆ ಒಳಗೇ ಕುಣಿದು ನಿಲ್ಲುತ್ತಿದ್ದವು. ಆಡುವವನು ದಾಳ ಮುಟ್ಟುವ ಹಾಗೇ ಇಲ್ಲ. ಮೊತ್ತ 4ರಿಂದ 10 ಬಂದರೆ ಸ್ಮಾಲ್, 11ರಿಂದ 17 ಬಂದರೆ ಬಿಗ್, ಮೂರೂ ದಾಳದಲ್ಲಿ ಒಂದೇ ಅಂಕಿ ಬಿದ್ದರೆ ಎರಡೂ ಕಡೆಯವರು ಸೋತರು. ಪಾಯಿಂಟ್ ಇಲ್ಲ, ಕಾಯುವುದಿಲ್ಲ, ಒಂದೇ ಕುಣಿತಕ್ಕೆ ಮುಗಿಯಿತು. ಕ್ಯಾಸಿನೋದ ಪಾಲು ಆ ಬಿಗ್ ಸ್ಮಾಲ್ ಪಣದಲ್ಲೇ ನೂರಕ್ಕೆ 2.78, ಅಂದರೆ ಪಾಸ್ ಲೈನಿನ ಸುಮಾರು ಎರಡರಷ್ಟು. ಆಡುವವರಿಗೆ ಅದೂ ಒಳ್ಳೆಯ ಆಟವೇ ಇರಬಹುದು. ಆದರೆ ನಾವು ದುಡ್ಡು ಕಟ್ಟಿದ್ದು ಅದಕ್ಕಲ್ಲ. ದುಬೈಗೆ ಹೋಗುವವನು ಎಸೆಯಬೇಕು ಅಂತ ಬಂದವರು ನಾವು, ಅಲ್ಲಿ ಎಸೆಯುವುದಕ್ಕೆ ಏನೂ ಇರಲಿಲ್ಲ. ಅವನು ಹತ್ತು ನಿಮಿಷ ಸುಮ್ನೆ ಆ ಗಾಜನ್ನೇ ನೋಡುತ್ತ ನಿಂತ, ಆಮೇಲೆ ಮೇಲೆ ಡೆಕ್ಕಿಗೆ ಹೋಗಿ ಕೂತುಬಿಟ್ಟ. ಉಳಿದವರು ಚೆಲ್ಲಾಪಿಲ್ಲಿ ಆದೆವು. ಇಬ್ಬರು ರೂಲೆಟ್‌ಗೆ ಹೋದರು, ಒಬ್ಬ ಅಂದರ್ ಬಾಹರ್‌ಗೆ. ನಾನು, ಮೇಷ್ಟ್ರು ಊಟದ ಕಡೆ ಹೋದೆವು. ಒಟ್ಟಿಗೆ ಇರಬೇಕು ಅಂತಲೇ ಅಷ್ಟು ದೂರ ಹೋದವರು ಆ ರಾತ್ರಿ ಒಂದೇ ಜಾಗದಲ್ಲಿ ಹದಿನೈದು ನಿಮಿಷವೂ ಇರಲಿಲ್ಲ.

ವಾಪಸ್ ಬಂದ ಮೇಲೆ ನಾನು ಫೋನ್ ಮಾಡಿದಾಗ ನಿಮ್ಮ ಮ್ಯಾನೇಜರ್ ಎರಡು ಮಾತು ಹೇಳಿದರು. ಒಂದು, ಕ್ಯಾಸಿನೋದವರು ಟೇಬಲ್ ಯಾವಾಗ ಬೇಕಾದರೂ ಮುಚ್ಚಬಹುದು, ಅದು ನಮ್ಮ ಕೈಯಲ್ಲಿಲ್ಲ. ಸರಿ, ಒಪ್ಪುತ್ತೇನೆ. ಹಾಗಿದ್ದರೆ ಗ್ಯಾರಂಟಿ ಅಂತ ಯಾಕೆ ಹೇಳಿದಿರಿ, ಕನ್ಫರ್ಮ್ ಅಂತ ಯಾಕೆ ಕಳಿಸಿದಿರಿ? ಅವರು ಮುಚ್ಚಿದ್ದರೆ ಬುಕಿಂಗಿನ ದುಡ್ಡಾದರೂ ವಾಪಸ್ ಬರಬೇಕಿತ್ತಲ್ಲ. ಅವರಿಗೆ ಅದು ಮುಟ್ಟಿಯೇ ಇಲ್ಲ ಅಂತ ಅವರೇ ಹೇಳುತ್ತಿದ್ದಾರೆ. ಆ 15,000 ಎಲ್ಲಿದೆ ಅಂತ ನೀವೇ ಹೇಳಬೇಕು.

ಎರಡನೆಯದು, ಜೂಜಿನ ವ್ಯವಹಾರ, ಎಲ್ಲಿಗೆ ಹೋದರೂ ನಿಮಗೇ ತೊಂದರೆ ಅಂದರು. ಇದು ಹೆದರಿಸುವ ಮಾತು. ನಮ್ಮ ಕರ್ನಾಟಕದಲ್ಲಿ ಕ್ಯಾಸಿನೋಗೆ ಅವಕಾಶ ಇಲ್ಲ, ಅದು ನಮಗೂ ಗೊತ್ತು. ಗೋವಾದಲ್ಲಿ 1976ರ ಜೂಜಿನ ಕಾಯ್ದೆಗೆ ಆಮೇಲೆ ತಿದ್ದುಪಡಿ ತಂದು ಹಡಗಿನ ಮೇಲೆ ಟೇಬಲ್ ಆಟಗಳಿಗೆ ಸರ್ಕಾರವೇ ಅನುಮತಿ ಕೊಟ್ಟಿದೆ. ನಾವೆಲ್ಲ 21 ದಾಟಿದವರು, ಗುರುತಿನ ಚೀಟಿ ತೋರಿಸಿಯೇ ಒಳಗೆ ಹೋಗಿದ್ದೇವೆ. ಅದೂ ಅಲ್ಲದೆ ನಾವು ಯಾವ ಪಣದ ದುಡ್ಡನ್ನೂ ಕೇಳುತ್ತಿಲ್ಲ. ಟ್ರಾವೆಲ್ಸ್ ಆಫೀಸು ದುಡ್ಡು ತಗೊಂಡು ಹೇಳಿದ ಸೇವೆ ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಸೇವಾ ನ್ಯೂನತೆ ಅನ್ನುತ್ತಾರೆ.

ನಾವು ಕೇಳುವುದು ಇಷ್ಟು. ಟೇಬಲ್ ಬುಕಿಂಗಿನ 15,000 ಮತ್ತು ಜೆಟ್ಟಿಯಲ್ಲಿ ರಸೀದಿ ಇಲ್ಲದೆ ತಗೊಂಡ 7,200, ಒಟ್ಟು 22,200 ರೂಪಾಯಿ ವಾಪಸ್ ಕೊಡಿ. ಬಸ್ಸು, ರೂಮು, ಊಟ, ಎಂಟ್ರಿ ನಾವು ಅನುಭವಿಸಿದ್ದೇವೆ, ಅದರಲ್ಲಿ ಒಂದು ರೂಪಾಯಿಯೂ ಬೇಡ. ಮುಂದಿನ ಟ್ರಿಪ್ಪಿಗೆ ಡಿಸ್ಕೌಂಟ್ ಕೊಡುತ್ತೇವೆ ಅಂತ ನಿಮ್ಮ ಹುಡುಗ ಹೇಳಿದ, ಅದೂ ಬೇಡ. ಇನ್ನು ಮುಂದೆ ಬರುವವರಿಗೆ ಟೇಬಲ್ ಗ್ಯಾರಂಟಿ ಅಂತ ಹೇಳುವುದನ್ನೂ ನಿಲ್ಲಿಸಿ. ಕ್ಯಾಸಿನೋದವರು ಬರೆದುಕೊಟ್ಟರೆ ಮಾತ್ರ ಹೇಳಿ.

ಈ ಪತ್ರ ಸಿಕ್ಕ 15 ದಿನದೊಳಗೆ ದುಡ್ಡು ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇವೆ, ಆಮೇಲೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಫೀಸೂ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ರಸೀದಿ, ವಾಟ್ಸಾಪ್ ಮೆಸೇಜ್, ಜೆಟ್ಟಿಯಲ್ಲಿ ದುಡ್ಡು ಕೊಟ್ಟಾಗಿನ ಫೋಟೋ, ಎಲ್ಲದರ ಪ್ರತಿ ಇದರ ಜೊತೆ ಇಟ್ಟಿದ್ದೇನೆ.

ಇನ್ನೊಂದು ವಿಷಯ. ರಸೀದಿ ಇರುವುದು ದುಬೈಗೆ ಹೋಗುವ ಗೆಳೆಯನ ಹೆಸರಿನಲ್ಲಿ. ಸಹಿ ಏನಾದರೂ ಬೇಕಿದ್ದರೆ ಅವನು ವಿಮಾನ ಹತ್ತುವ ಮೊದಲೇ ಕರೆಸಿ. ಯಾವ ದಿನ ಅಂತ ಹೇಳಿದರೆ ಆರೂ ಜನ ಒಟ್ಟಿಗೇ ಆಫೀಸಿಗೆ ಬರುತ್ತೇವೆ.

ಇಂತಿ,
ಆರು ಜನ ಗೆಳೆಯರ ಪರವಾಗಿ,
ಸೂಪರ್ ಮಾರ್ಕೆಟ್ ಹತ್ತಿರದ ಮೊಬೈಲ್ ಅಂಗಡಿಯವನು
ಕಲಬುರಗಿ