ನೋವಿಗೊಂದು ಚಿಕಿತ್ಸೆ, ಬಾಗಿಗೆ ಇನ್ನೊಂದು

ಮಾನ್ಯ ಸಂಪಾದಕರಿಗೆ,

ಕಳೆದ ವಾರದ ಆರೋಗ್ಯ ಪುರವಣಿಯ ಪ್ರಶ್ನೋತ್ತರದಲ್ಲಿ ಐವತ್ತು ದಾಟಿದ ಓದುಗರೊಬ್ಬರು, ನಿಮಿರಿದಾಗ ಶಿಶ್ನ ಮೇಲಕ್ಕೆ ಬಾಗುತ್ತಿದೆ, ಕೆಲವು ತಿಂಗಳಿಂದ ನೋವೂ ಇದೆ, ಏನು ಮಾಡಬೇಕು ಎಂದು ಕೇಳಿದ್ದರು. ಇಂಥ ಪ್ರಶ್ನೆಯನ್ನು ಮುಜುಗರಪಡದೆ ಪ್ರಕಟಿಸಿದ್ದಕ್ಕೆ ನಿಮ್ಮನ್ನು ಅಭಿನಂದಿಸುತ್ತೇನೆ. ಆದರೆ ವಿಟಮಿನ್ ಇ, ಶಾಕ್‌ವೇವ್, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಇವುಗಳಲ್ಲಿ ಯಾವುದನ್ನಾದರೂ ಪಡೆಯಬಹುದು ಎಂಬ ಅರ್ಥ ಬರುವಂತೆ ಉತ್ತರ ಕೊಟ್ಟಿರುವುದನ್ನು ಒಪ್ಪುವುದು ಕಷ್ಟ. ಸರ್ಕಾರಿ ಆಸ್ಪತ್ರೆಯ ಮೂತ್ರರೋಗ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನಾಗಿ ಹೇಳುವುದಾದರೆ, ಈ ಕಾಯಿಲೆಯಲ್ಲಿ ಯಾವ ಚಿಕಿತ್ಸೆ ಎನ್ನುವುದಕ್ಕಿಂತ ಮೊದಲು ಯಾವ ಹಂತ ಎನ್ನುವುದು ತೀರ್ಮಾನವಾಗಬೇಕು.

ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಶಸ್ತ್ರವೈದ್ಯನಾಗಿದ್ದ ಲಾ ಪೆರೋನಿ 1743ರಲ್ಲಿ ವಿವರಿಸಿದ ಕಾರಣ ಇದಕ್ಕೆ ಪೆರೋನಿ ಕಾಯಿಲೆ ಎಂಬ ಹೆಸರು ಬಂತು. ಶಿಶ್ನದ ಒಳಗೆ ರಕ್ತ ತುಂಬಿಕೊಳ್ಳುವ ಎರಡು ಕೊಳವೆಗಳನ್ನು ಸುತ್ತಿರುವ ಗಟ್ಟಿ ಪೊರೆಯಲ್ಲಿ, ಬಹುಶಃ ಸಂಭೋಗದ ವೇಳೆ ಆಗುವ, ಗಮನಕ್ಕೂ ಬಾರದ ಸಣ್ಣಪುಟ್ಟ ಪೆಟ್ಟುಗಳಿಂದಾಗಿ ಉರಿಯೂತ ಹುಟ್ಟಿ, ಆ ಜಾಗ ಮಾಯುವಾಗ ಹಿಗ್ಗದ ಗಂಟಾಗಿ ಉಳಿದುಬಿಡುತ್ತದೆ. ಸೈಕಲ್ ಟ್ಯೂಬಿನ ಒಂದು ಪಕ್ಕಕ್ಕೆ ಪ್ಯಾಚ್ ಅಂಟಿಸಿ ಗಾಳಿ ತುಂಬಿದರೆ ಅದು ಪ್ಯಾಚ್ ಇರುವ ಕಡೆಗೆ ವಾಲುವಂತೆ, ನಿಮಿರಿದಾಗ ಅಂಗವು ಗಂಟಿನ ಕಡೆಗೆ ಬಾಗುತ್ತದೆ. ನಲವತ್ತು ದಾಟಿದವರಲ್ಲಿ ಇದು ಹೆಚ್ಚು, ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ನೂ ಹೆಚ್ಚು. ಅಂಗೈಯ ನರಗಳಂತೆ ಕಾಣುವ ಪಟ್ಟಿಗಳು ಬಿಗಿದು ಬೆರಳು ಮಡಚಿಕೊಳ್ಳುವ ತೊಂದರೆ ಇರುವವರಲ್ಲೂ ಇದನ್ನು ಕಾಣುತ್ತೇವೆ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ, ಹದಿಹರೆಯದ ಅಭ್ಯಾಸಗಳ ಫಲವಂತೂ ಅಲ್ಲವೇ ಅಲ್ಲ. ಹುಟ್ಟಿನಿಂದಲೇ ಇರುವ ಬಾಗು ಬೇರೆ. ಅದರಲ್ಲಿ ಗಂಟೂ ಇರುವುದಿಲ್ಲ, ಸಾಮಾನ್ಯವಾಗಿ ನೋವೂ ಇರುವುದಿಲ್ಲ.

ನೋವು ಇರುವುದು ಕಾಯಿಲೆಯ ಮೊದಲ ಹಂತದಲ್ಲಿ, ಅಂದರೆ ಗಂಟು ಇನ್ನೂ ಬೆಳೆಯುತ್ತಿರುವ, ಬಾಗು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುವ ಕಾಲದಲ್ಲಿ. ಈ ಹಂತ ಸುಮಾರು ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಡೆಯುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ನೋವು ತಾನಾಗಿಯೇ ಹೋಗುತ್ತದೆ. ಬಾಗಿನ ಕಥೆ ಹಾಗಲ್ಲ: ಚಿಕಿತ್ಸೆ ಇಲ್ಲದೆ ಅದು ಗಮನಾರ್ಹವಾಗಿ ನೆಟ್ಟಗಾಗುವುದು ಹತ್ತರಲ್ಲಿ ಒಬ್ಬರಿಗಷ್ಟೇ, ಉಳಿದವರಲ್ಲಿ ಇದ್ದಷ್ಟೇ ಇರುತ್ತದೆ ಅಥವಾ ಹೆಚ್ಚುತ್ತದೆ. ಹೀಗೆ ನೋವು ಒಂದು ದಾರಿ, ಬಾಗು ಇನ್ನೊಂದು ದಾರಿ ಹಿಡಿಯುವುದರಿಂದಲೇ ಯಾವ ಔಷಧ ಕೊಟ್ಟರೂ ಅದು ಕೆಲಸ ಮಾಡಿದಂತೆ ಕಾಣುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಹಾಗೆ. ಪೆರೋನಿಯೇ ತನ್ನ ರೋಗಿಗಳನ್ನು ಬಾರೇಜ್ ಎಂಬ ಊರಿನ ಖನಿಜ ಜಲದ ಬುಗ್ಗೆಗಳಿಗೆ ಸ್ನಾನಕ್ಕೆ ಕಳಿಸುತ್ತಿದ್ದ. ಅವರಲ್ಲೂ ಬಹಳ ಮಂದಿಯ ನೋವು ವಾಸಿಯಾಗಿರಲೇಬೇಕು.

ವಿಟಮಿನ್ ಇ ಮಾತ್ರೆಗೆ ಬಂದಿರುವ ಹೆಸರೂ ಇಂಥದ್ದೇ. ಹೊರರೋಗಿ ವಿಭಾಗಕ್ಕೆ ಬರುವವರು ಚೀಟಿಯಲ್ಲಿ ‘ಉರಿಮೂತ್ರ’ ಎಂದು ಬರೆಸಿಕೊಂಡು ಬಂದು, ಕೊನೆಗೆ ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, “ಇನ್ನೊಂದು ವಿಷಯ ಇತ್ತು ಸಾರ್” ಎಂದು ಜೇಬಿನಿಂದ ಅರ್ಧ ಖಾಲಿಯಾದ ಹಸಿರು ಕ್ಯಾಪ್ಸೂಲುಗಳ ಪಟ್ಟಿ ತೆಗೆಯುತ್ತಿದ್ದುದು ನನಗೆ ತೀರ ಪರಿಚಿತ ದೃಶ್ಯ. ಒಂದೇ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರೂ ಇದ್ದರು. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2015ರಲ್ಲಿ ಹೊರತಂದ ಮಾರ್ಗಸೂಚಿ, ಈ ಕಾಯಿಲೆಗೆ ವಿಟಮಿನ್ ಇ, ಸ್ತನ ಕ್ಯಾನ್ಸರ್‌ಗೆ ಬಳಸುವ ಟ್ಯಾಮಾಕ್ಸಿಫೆನ್, ಒಮೇಗಾ-3 ಇವುಗಳನ್ನು ಕೊಡಬಾರದು ಎಂದೇ ಹೇಳುತ್ತದೆ, ಏಕೆಂದರೆ ಇವುಗಳಿಂದ ಬಾಗು ಕಡಿಮೆಯಾಗುತ್ತದೆ ಎನ್ನಲು ಆಧಾರವಿಲ್ಲ. ನೋವು ತಡೆಯಲಾಗದಿದ್ದರೆ ಸಾಮಾನ್ಯ ಉರಿಯೂತ ನಿವಾರಕ ಮಾತ್ರೆ ಸಾಕು. ಅದನ್ನೂ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡೇ ತೆಗೆದುಕೊಳ್ಳಬೇಕು. ಅಗ್ಗದ ಚಿಕಿತ್ಸೆ ಎಂಬ ಕಾರಣಕ್ಕೆ ಇದನ್ನು ಕಡೆಗಣಿಸುವವರೇ ಹೆಚ್ಚು.

ಶಾಕ್‌ವೇವ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಈಗ ನಗರಗಳ ಖಾಸಗಿ ಕ್ಲಿನಿಕ್‌ಗಳು ಹೆಚ್ಚು ಜಾಹೀರಾತು ಕೊಡುತ್ತಿರುವುದು ಇದಕ್ಕೇ. ಹೊರಗಿನಿಂದ ಧ್ವನಿ ತರಂಗಗಳನ್ನು ಹಾಯಿಸುವ ಈ ವಿಧಾನದಿಂದ ನೋವು ಬೇಗ ಇಳಿಯಬಹುದು ಎಂಬುದಕ್ಕೆ ಆಧಾರವಿದೆ; ಬಾಗು ನೆಟ್ಟಗಾಗುತ್ತದೆ ಎಂಬುದಕ್ಕೆ ಇಲ್ಲ. ಅದೇ ಮಾರ್ಗಸೂಚಿಯೂ ಇದನ್ನು ನೋವಿಗೆ ಬಳಸಬಹುದು, ಬಾಗಿಗೆ ಬಳಸಬಾರದು ಎಂದು ಬಿಡಿಸಿ ಹೇಳಿದೆ. ಹೇಗೂ ಕೆಲವು ತಿಂಗಳಲ್ಲಿ ಹೋಗುವ ನೋವಿಗೆ ಸಾವಿರಾರು ರೂಪಾಯಿ ಕೊಡುವುದೋ ಬೇಡವೋ ಎಂಬುದು ಅವರವರ ನಿರ್ಧಾರ, ಆದರೆ ಹಣ ಕಟ್ಟಿಸಿಕೊಳ್ಳುವ ಮೊದಲು ಈ ವ್ಯತ್ಯಾಸವನ್ನು ರೋಗಿಗೆ ಹೇಳಬೇಕಾದುದು ಕ್ಲಿನಿಕ್‌ನ ಕರ್ತವ್ಯ.

ಗಂಟಿಗೇ ಕೊಡುವ ಚುಚ್ಚುಮದ್ದುಗಳಲ್ಲಿ ಗಟ್ಟಿ ಪುರಾವೆ ಇರುವುದು, ಗಂಟಿನ ನಾರನ್ನು ಕರಗಿಸುವ ಕಿಣ್ವವಾದ ಕೊಲಾಜಿನೇಸ್‌ಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎಂಟು ನೂರಕ್ಕೂ ಹೆಚ್ಚು ಪುರುಷರು ಭಾಗವಹಿಸಿದ್ದ ಎರಡು ಪ್ರಯೋಗಗಳಲ್ಲಿ ಔಷಧ ಪಡೆದವರ ಬಾಗು ಸರಾಸರಿ 17 ಡಿಗ್ರಿಯಷ್ಟು ಇಳಿದರೆ, ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲೂ 9 ಡಿಗ್ರಿ ಇಳಿಯಿತು. ಎರಡನೆಯ ಅಂಕಿಯನ್ನು ಮರೆಮಾಚಿ ಮೊದಲನೆಯದನ್ನಷ್ಟೇ ಹೇಳುವುದು ಪ್ರಾಮಾಣಿಕತೆಯಲ್ಲ. 50 ಡಿಗ್ರಿ ಬಾಗಿದ್ದವನಿಗೆ ಸಂಭೋಗ ಸಾಧ್ಯವಾಗುವ ಮಟ್ಟಕ್ಕೆ ಇದು ತಂದೀತು, ಪೂರ್ತಿ ನೆಟ್ಟಗಂತೂ ಮಾಡದು. ಅದೂ ಕಾಯಿಲೆ ಒಂದು ಸ್ಥಿತಿಗೆ ಬಂದು ನಿಂತ ಮೇಲೆ, ಬಾಗು 30 ಡಿಗ್ರಿಗಿಂತ ಹೆಚ್ಚಿದ್ದು, ನಿಮಿರುವಿಕೆ ಚೆನ್ನಾಗಿರುವವರಿಗೆ ಮಾತ್ರ. ಅಪರೂಪಕ್ಕೆ ಪೊರೆಯೇ ಹರಿದುಹೋಗುವ ಅಪಾಯವೂ ಇದೆ. ಯುರೋಪಿನ ಮಾರುಕಟ್ಟೆಯಿಂದ ತಯಾರಕರೇ ಇದನ್ನು ಹಿಂತೆಗೆದುಕೊಂಡಿದ್ದಾರೆ. ನಮ್ಮ ಜಿಲ್ಲಾ ಕೇಂದ್ರಗಳ ಔಷಧ ಅಂಗಡಿಯಲ್ಲಿ ಕೇಳಿದರೆ ಸಿಗುವ ವಸ್ತುವಂತೂ ಅಲ್ಲ. ಅದರ ಬದಲು ಹಲವರು ರಕ್ತದೊತ್ತಡಕ್ಕೆ ಬಳಸುವ ವೆರಾಪಮಿಲ್ ಅನ್ನು ಗಂಟಿಗೆ ಚುಚ್ಚುತ್ತಾರೆ. ಅದು ಅಗ್ಗ, ಆದರೆ ಅದರ ಬಗೆಗಿನ ಅಧ್ಯಯನಗಳು ಒಂದೊಂದು ಒಂದೊಂದು ದಿಕ್ಕಿಗೆ ಎಳೆಯುತ್ತವೆ. ರೋಗನಿರೋಧಕ ವ್ಯವಸ್ಥೆಯ ಪ್ರೋಟೀನ್ ಆದ ಇಂಟರ್‌ಫೆರಾನ್ ಚುಚ್ಚುಮದ್ದು ಅದಕ್ಕಿಂತ ತುಸು ಮೇಲು, ಆದರೆ ಚುಚ್ಚಿಸಿಕೊಂಡ ದಿನ ಮೈಕೈ ನೋವು, ಜ್ವರ ತಪ್ಪಿದ್ದಲ್ಲ. ಅಂಗವನ್ನು ನಿಧಾನವಾಗಿ ಎಳೆದು ಹಿಡಿಯುವ ಸಾಧನಗಳೂ ಇವೆ. ದಿನವೂ ತಿಂಗಳುಗಟ್ಟಲೆ ಬಳಸುವ ತಾಳ್ಮೆ ಇರುವವರಿಗೆ ಉದ್ದ ಕಡಿಮೆಯಾಗದಂತೆ ಅವು ನೆರವಾಗಬಹುದು.

ಶಸ್ತ್ರಚಿಕಿತ್ಸೆ ಬಾಗನ್ನು ನಿಜವಾಗಿ ನೆಟ್ಟಗೆ ಮಾಡುತ್ತದೆ, ಮತ್ತು ನೋವಿರುವಾಗ ಮಾಡಲೇಬಾರದ್ದೂ ಅದೇ. ಕಾಯಿಲೆ ಶುರುವಾಗಿ ಒಂದು ವರ್ಷವಾದರೂ ಕಳೆದು, ಕೊನೆಯ ಮೂರರಿಂದ ಆರು ತಿಂಗಳು ಬಾಗು ಬದಲಾಗದೆ ನಿಂತಿರಬೇಕು. ಅವಸರದಲ್ಲಿ ಹೊಲಿದರೆ ಗಂಟು ಮುಂದುವರಿದು ಮತ್ತೆ ಬಾಗುತ್ತದೆ. ಬಾಗು 60 ಡಿಗ್ರಿಯೊಳಗಿದ್ದು ಉದ್ದ ಸಾಕಷ್ಟಿದ್ದರೆ, ಗಂಟಿನ ಎದುರು ಪಕ್ಕವನ್ನು ಹೊಲಿಗೆ ಹಾಕಿ ಗಿಡ್ಡ ಮಾಡುವ ವಿಧಾನ ಸುರಕ್ಷಿತ, ಆದರೆ ಅಂಗದ ಉದ್ದವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ, ಎಷ್ಟು ಚೆನ್ನಾಗಿ ನೆಟ್ಟಗಾಗಿದ್ದರೂ ರೋಗಿ ಮೋಸಹೋದೆ ಎಂದೇ ಭಾವಿಸುತ್ತಾನೆ. ಬಾಗು ಅದಕ್ಕಿಂತ ಹೆಚ್ಚಿದ್ದರೆ ಅಥವಾ ನಡುವೆ ಸೊಂಟದಂತೆ ಸಣ್ಣಗಾಗಿದ್ದರೆ ಗಂಟನ್ನು ಸೀಳಿ, ಕಾಲಿನ ರಕ್ತನಾಳದ ತುಂಡನ್ನೋ ಬೇರೆ ಅಂಗಾಂಶವನ್ನೋ ಅಲ್ಲಿ ಕಸಿ ಮಾಡುತ್ತಾರೆ. ಇದರಲ್ಲಿ ಉದ್ದ ಹೆಚ್ಚು ಉಳಿಯುತ್ತದೆ, ಆದರೆ ಸ್ಪರ್ಶಜ್ಞಾನ ಮತ್ತು ನಿಮಿರುವ ಶಕ್ತಿ ಕುಂದುವ ಅಪಾಯ ಹೆಚ್ಚು. ಮಾತ್ರೆಗೂ ಬಗ್ಗದ ನಿಮಿರು ದೌರ್ಬಲ್ಯ ಜೊತೆಗೇ ಇದ್ದರೆ ಮಾತ್ರ ಕೃತಕ ಸಾಧನ ಅಳವಡಿಕೆಯ ಮಾತು.

ಬಾಗು 30 ಡಿಗ್ರಿಗಿಂತ ಕಡಿಮೆಯಿದ್ದು ದಾಂಪತ್ಯಕ್ಕೆ ಅಡ್ಡಿಯಾಗದಿದ್ದರೆ ಏನೂ ಮಾಡದಿರುವುದೂ ಒಂದು ಚಿಕಿತ್ಸೆಯೇ. ಈ ಸಾಧ್ಯತೆಯನ್ನು ನಿಮ್ಮ ಅಂಕಣ ಉಲ್ಲೇಖಿಸಲೇ ಇಲ್ಲ. ಆದರೆ ಸಂಭೋಗದ ವೇಳೆ ‘ಟಕ್’ ಎಂದು ಸದ್ದಾಗಿ, ನಿಮಿರುವಿಕೆ ಒಮ್ಮೆಲೇ ಇಳಿದು, ಅಂಗ ಊದಿ ಕಪ್ಪಾದರೆ ಅದು ಈ ಕಾಯಿಲೆಯಲ್ಲ, ಪೊರೆ ಹರಿದ ತುರ್ತು ಸ್ಥಿತಿ, ಬೆಳಗಾಗುವವರೆಗೂ ಕಾಯಬಾರದು.

ಇನ್ನೊಂದು ವಿಷಯ ಹೇಳದಿದ್ದರೆ ಈ ಪತ್ರ ಅರ್ಧಕ್ಕೆ ನಿಂತಂತೆ. ಬಸ್ ನಿಲ್ದಾಣದ ಗೋಡೆಯ ಮೇಲೆ, ಕೆಲವೊಮ್ಮೆ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನಲ್ಲೂ, ‘ಸೊಟ್ಟಗಿರುವುದು, ಚಿಕ್ಕದಿರುವುದು, ಗ್ಯಾರಂಟಿ ಪರಿಹಾರ’ ಎಂಬ ಸಾಲುಗಳು ಕಾಣಿಸುತ್ತವೆ. ಲೈಂಗಿಕ ದೌರ್ಬಲ್ಯ ವಾಸಿ ಮಾಡುತ್ತೇವೆ, ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂದು ಔಷಧಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ನನ್ನ ಬಳಿ ಬಂದವರಲ್ಲಿ ಹಲವರು ಮೊದಲು ಹೋಗಿದ್ದು ಇಂಥವರ ಬಳಿಗೇ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿಕೊಂಡು, ಉರಿಯೂತದಲ್ಲಿದ್ದ ಜಾಗಕ್ಕೆ ಇನ್ನಷ್ಟು ಪೆಟ್ಟು ಮಾಡಿಕೊಂಡು ಬಂದವರನ್ನು ನೋಡಿದ್ದೇನೆ.

ಪ್ರಶ್ನೆ ಕೇಳಿದ ಆ ಓದುಗರಿಗೆ ಇದನ್ನಾದರೂ ತಿಳಿಸಿ: ನಿಮಿರಿದ ಸ್ಥಿತಿಯಲ್ಲಿ ಮೇಲಿನಿಂದ ಮತ್ತು ಪಕ್ಕದಿಂದ ಮೊಬೈಲಿನಲ್ಲಿ ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಲಿ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತೆಗೆಯಲಿ. ವೈದ್ಯರು ಕೋನ ಅಳೆಯುವುದಕ್ಕೆ, ಬಾಗು ನಿಂತಿದೆಯೋ ಮುಂದುವರಿಯುತ್ತಿದೆಯೋ ಎಂದು ಹೇಳುವುದಕ್ಕೆ ಅದು ಬೇಕಾಗುತ್ತದೆ. ರಕ್ತದಲ್ಲಿನ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಲಿ. ದೊಡ್ಡ ಖಾಸಗಿ ಆಸ್ಪತ್ರೆಗೇ ಹೋಗಬೇಕೆಂದಿಲ್ಲ; ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ, ಮೂತ್ರಪಿಂಡ ಮತ್ತು ಮೂತ್ರರೋಗಗಳಿಗೆಂದೇ ಇರುವ ನೆಫ್ರೋ-ಯೂರಾಲಜಿ ಸಂಸ್ಥೆ ಸರ್ಕಾರದ್ದೇ. ಮುಂದಿನ ಪುರವಣಿಯಲ್ಲಿ ಈ ತಿದ್ದುಪಡಿಗೆ ಜಾಗ ಕೊಡಬೇಕೆಂದೂ, ಅದೇ ಸಂಚಿಕೆಯ ವರ್ಗೀಕೃತ ಪುಟದಲ್ಲಿ ಮೇಲೆ ಹೇಳಿದಂಥ ಜಾಹೀರಾತು ಇರದಂತೆ ನೋಡಿಕೊಳ್ಳಬೇಕೆಂದೂ ಕೋರುತ್ತೇನೆ.

– ನಿವೃತ್ತ ಮೂತ್ರರೋಗ ತಜ್ಞ, ದಾವಣಗೆರೆ