ನೆಲ್ಲಿಕಾಯಿ ಕಳುಹಿಸಿ, ಜೆಲ್ಲಿ ಮಾತ್ರೆ ಬೇಡ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಒಬ್ಬರು ನನ್ನ ಕೊಠಡಿಗೆ ಬಂದು, ಬಣ್ಣಬಣ್ಣದ ಜೆಲ್ಲಿ ಮಾತ್ರೆಗಳ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ, ಪ್ರತಿ ಮಗುವಿಗೂ ದಿನಕ್ಕೆರಡು ಬೇಕೇಬೇಕು, ಶಾಲೆಯ ಮೂಲಕ ಹಂಚಿದರೆ ರಿಯಾಯಿತಿ ಎಂದರು. ನಾನು ಒಪ್ಪಲಿಲ್ಲ. ಆದರೆ ಗೇಟಿನ ಹೊರಗೆ ನಿಮ್ಮಲ್ಲಿ ಕೆಲವರಿಗೆ ಮಾರಿ ಹೋಗಿದ್ದಾರೆಂದು ಮರುದಿನ ತಿಳಿಯಿತು.

ಆಂಟಿಆಕ್ಸಿಡೆಂಟ್ ಎಂಬುದು ಕಟ್ಟುಕಥೆಯಲ್ಲ. ಹತ್ತನೆಯ ತರಗತಿಯವರನ್ನು ಕೇಳಿ, ‘ಉತ್ಕರ್ಷಣ ನಿರೋಧಕ’ ಎಂದು ಪಾಠ ಒಪ್ಪಿಸುತ್ತಾರೆ. ಹೆಚ್ಚಿದ ಸೇಬು ಗಾಳಿಗೆ ಕಂದುವುದು ಉತ್ಕರ್ಷಣದಿಂದ, ಅಂದರೆ ಆಮ್ಲಜನಕದೊಡನೆ ನಡೆಯುವ ಕ್ರಿಯೆಯಿಂದ. ನಿಂಬೆರಸ ಸವರಿದರೆ ಅದು ತಡವಾಗುತ್ತದೆ. ಹೀಗೆ ತಡೆಯುವುದೇ ಆಂಟಿಆಕ್ಸಿಡೆಂಟಿನ ಕೆಲಸ. (ಕಂದಿದ ಹೋಳುಗಳನ್ನು ಮಕ್ಕಳು ಕಸದ ಬುಟ್ಟಿಗೆ ಹಾಕುತ್ತಿದ್ದಾರೆ. ತಿಂದರೆ ಏನೂ ಆಗದು, ಮನೆಯಲ್ಲಿ ಹೇಳಿ.) ನಮ್ಮ ಜೀವಕೋಶಗಳಲ್ಲಿಯೂ ಇಂಥ ಕ್ರಿಯೆ ನಡೆದೇ ಇರುತ್ತದೆ. ಅದನ್ನು ಹತೋಟಿಯಲ್ಲಿಡುವ ಏರ್ಪಾಡು ದೇಹಕ್ಕೇ ಇದೆ. ಆಹಾರದ ಸಿ ಮತ್ತು ಇ ಜೀವಸತ್ವಗಳು ಅದಕ್ಕೆ ನೆರವಾಗುತ್ತವೆ.

ಹೆಚ್ಚು ನುಂಗಿದಷ್ಟೂ ಒಳ್ಳೆಯದು ಎಂಬ ಮಾತನ್ನು ಮಾತ್ರ ನಂಬಬೇಡಿ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟನ್ನು ಮಾತ್ರೆಯಾಗಿ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗಲಿಲ್ಲ, ನುಂಗದವರಿಗಿಂತ ಶೇ 18ರಷ್ಟು ಹೆಚ್ಚಿತ್ತು. ಅವರು ಧೂಮಪಾನಿಗಳು, ನಮ್ಮವರು ಮಕ್ಕಳು. ಹೋಲಿಕೆ ನೇರವಲ್ಲ, ಒಪ್ಪುತ್ತೇನೆ. ಆದರೂ ಕ್ಯಾರೆಟ್ ತಿನ್ನುವುದು ಬೇರೆ, ಅದರ ಒಂದಂಶವನ್ನು ಮಾತ್ರೆಯಾಗಿ ನುಂಗುವುದು ಬೇರೆ.

ತುಳಸಿ ಹಬ್ಬ ಈಗಷ್ಟೇ ಮುಗಿದಿದೆ, ಸಂತೆಯಲ್ಲಿ ಬೆಟ್ಟದ ನೆಲ್ಲಿಕಾಯಿಯ ರಾಶಿ ಬಿದ್ದಿದೆ. ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವ ಅದರಲ್ಲಿದೆ. ಸೀಬೆಹಣ್ಣೂ ಕಿತ್ತಳೆಯನ್ನು ಹಿಂದಿಕ್ಕುತ್ತದೆ. ಕಾವಿಗೆ ಈ ಜೀವಸತ್ವ ನಶಿಸುವುದರಿಂದ ಹಸಿಯಾಗಿಯೇ, ಉಪ್ಪುಖಾರ ಸವರಿ ಕೊಡಿ. ಟೊಮೆಟೊದ ರೀತಿ ಬೇರೆ: ಎಣ್ಣೆಯಲ್ಲಿ ಬಾಡಿಸಿ ಗೊಜ್ಜು ಮಾಡಿದರೆ ಅದಕ್ಕೆ ಕೆಂಪು ಬಣ್ಣ ಕೊಡುವ ಆಂಟಿಆಕ್ಸಿಡೆಂಟ್ ಅಂಶ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಸೊಪ್ಪಿನ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ, ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ.

ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗೂ ಈ ಜೆಲ್ಲಿಗೂ ಸಂಬಂಧವಿಲ್ಲ, ಅದನ್ನು ತಪ್ಪಿಸಬೇಡಿ. ವೈದ್ಯರು ಬರೆದುಕೊಟ್ಟ ಔಷಧವನ್ನೂ ನಿಲ್ಲಿಸಬೇಡಿ. ಬಾಟಲಿ ಕೊಂಡವರು ಅದನ್ನು ಮಕ್ಕಳ ಚೀಲದಲ್ಲಿ ಕಳುಹಿಸದಿರಿ. ಮೊನ್ನೆ ಶುಕ್ರವಾರ ನಾಲ್ಕನೆಯ ತರಗತಿಯ ಒಂದು ಮಗು ಮಿಠಾಯಿಯೆಂದು ಆರು ತಿಂದಿತ್ತು.

ಇಂತಿ,
ಮುಖ್ಯ ಶಿಕ್ಷಕಿ